ದಾರಿ ಬಿಕ್ಕಟ್ಟು: ನಜರೇತಿನಿಂದ ಕಪೆರ್ನೌಮಿಗೆ ಐದು ದಿನ

ಮೊದಲ ದಿನ: ನಜರೇತು, ಸೆಪ್ಫೋರಿಸ್, ಕಾನಾ

2019ರ ಮಾರ್ಚ್ 11, ಸೋಮವಾರ. ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲ ಆರಂಭವಾಗಿ ಐದೇ ದಿನಗಳಾಗಿದ್ದವು. ನಾನು ಮತ್ತು ನಮ್ಮ ಸಭೆಯ ನಿವೃತ್ತ ಪಾಲಕರು, ಅವರನ್ನು ನಾವೆಲ್ಲ ಅಯ್ಯನವರು ಎಂದೇ ಕರೆಯುತ್ತೇವೆ, ನಜರೇತಿನ ಮಂಗಳವಾರ್ತೆಯ ಮಹಾದೇವಾಲಯದ ಮುಂದೆ ಬೆನ್ನಿಗೆ ಚೀಲ ಏರಿಸಿಕೊಂಡು ನಿಂತಿದ್ದೆವು. ಇಲ್ಲಿಂದ ಗಲಿಲಾಯ ಸಮುದ್ರದ ದಡದಲ್ಲಿರುವ ಕಪೆರ್ನೌಮಿಗೆ ಸುಮಾರು 65 ಕಿಲೋಮೀಟರ್ ಉದ್ದದ ಕಾಲುದಾರಿ ಇದೆ. ಬಂಡೆಗಳ ಮೇಲೆ, ವಿದ್ಯುತ್ ಕಂಬಗಳ ಮೇಲೆ ಬಳಿದಿರುವ ಕಿತ್ತಳೆ ಬಣ್ಣದ ಗುರುತುಗಳನ್ನು ಹಿಡಿದು ಹೋಗಬೇಕು. ಸಾಮಾನ್ಯವಾಗಿ ಇದನ್ನು ನಾಲ್ಕು ದಿನಗಳಲ್ಲಿ ಮುಗಿಸುತ್ತಾರೆ. ಅಯ್ಯನವರ ಮಂಡಿನೋವನ್ನು ಲೆಕ್ಕಕ್ಕೆ ತೆಗೆದುಕೊಂಡು ನಾವು ಐದು ದಿನ ಇಟ್ಟುಕೊಂಡಿದ್ದೆವು.

ನಾನು ಏಕೆ ಹೊರಟೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹದಿನಾಲ್ಕು ವರ್ಷಗಳಿಂದ ನಾನು ನಮ್ಮ ಸಭೆಯ ಯುವಜನರಿಗೆ ಬೈಬಲ್ ತರಗತಿ ನಡೆಸುತ್ತಿದ್ದೇನೆ. ಎರಡು ವರ್ಷಗಳ ಹಿಂದೆ ಆ ತರಗತಿಯಲ್ಲಿ ಒಬ್ಬ ಹುಡುಗಿ, ಆಗಷ್ಟೇ ಒಂದು ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡುವ ಕೆಲಸಕ್ಕೆ ಸೇರಿದ್ದವಳು, ನೇರವಾಗಿ ಕೇಳಿದಳು: "ಅಣ್ಣಾ, ಯೇಸುವನ್ನು ನಿಜವಾಗಿ ಹಿಂಬಾಲಿಸಿದರೆ ನಾನು ಏನನ್ನು ಕಳೆದುಕೊಳ್ಳಬೇಕಾಗುತ್ತದೆ?" ನಾನು ನಗುತ್ತಾ, "ಏನೂ ಇಲ್ಲಮ್ಮ, ಪಡೆದುಕೊಳ್ಳುವುದೇ ಎಲ್ಲ" ಎಂದೆ. ಮರುವರ್ಷ ಆಕೆಯ ಮೇಜಿಗೆ ಒಂದೇ ಖರ್ಚಿನ ಎರಡು ಬಗೆಯ ಬಿಲ್ಲುಗಳು ಬಂದವು. ಸುಳ್ಳು ಬಿಲ್ಲಿಗೆ ಸಹಿ ಹಾಕಲು ಆಕೆ ಒಪ್ಪಲಿಲ್ಲ. ಒಂದು ಸಂಜೆ ಎರಡನ್ನೂ ತಂದು ನನಗೆ ತೋರಿಸಿದಳು. ನಾನು ನನ್ನ ಕಣ್ಣಾರೆ ನೋಡಿದೆ. ನಾಲ್ಕು ತಿಂಗಳ ನಂತರ ಬೇರೊಂದು ನೆಪ ಹೂಡಿ ಆಕೆಯನ್ನು ಕೆಲಸದಿಂದ ತೆಗೆದರು. ಆ ಸಂಸ್ಥೆಯ ಮುಖ್ಯಸ್ಥರು ನಮ್ಮ ಸಭೆಯ ಹಿರಿಯರಲ್ಲಿ ಒಬ್ಬರು. ಹಾಗೆ ತೆಗೆದುಹಾಕಿದ್ದರ ಕುರಿತ ಮೊದಲ ವಿಚಾರಣೆಗೆ ಸಾಕ್ಷಿ ಹೇಳಲು ಬರುವಿರಾ ಎಂದು ಆಕೆ ಕೇಳಿದಾಗ, ಆ ದಿನ ನನಗೆ ಜ್ವರವಿದೆ ಎಂದು ಹೇಳಿಕಳುಹಿಸಿದೆ. ಜ್ವರವಿರಲಿಲ್ಲ.

ಈ ಸಂಗತಿಯನ್ನು ನಾನು ಅಯ್ಯನವರಿಗೂ ತಿಳಿಸಿರಲಿಲ್ಲ.

ಹಳೆಯ ಪೇಟೆಯ ಓಣಿಗಳನ್ನು ದಾಟಿ ನೂರಾರು ಮೆಟ್ಟಿಲು ಹತ್ತಿದರೆ ನಜರೇತನ್ನು ಸುತ್ತುವರಿದ ಗುಡ್ಡದ ಅಂಚು ಸಿಗುತ್ತದೆ. ಲೂಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಪ್ರಕಾರ, ಯೇಸು ತನ್ನ ಸ್ವಂತ ಊರಿನ ಸಭಾಮಂದಿರದಲ್ಲಿ ಮಾತನಾಡಿದ ದಿನವೇ ಊರವರು ರೊಚ್ಚಿಗೆದ್ದು ಆತನನ್ನು ದಬ್ಬಿಬಿಡಲು ಗುಡ್ಡದ ತುದಿಗೆ ಕೊಂಡೊಯ್ದರು. ಇಂಥದೇ ಒಂದು ಅಂಚಿನಿಂದ ಉತ್ತರಕ್ಕೆ ನೋಡಿದರೆ ಆರೇಳು ಕಿಲೋಮೀಟರ್ ದೂರದಲ್ಲಿ ಸೆಪ್ಫೋರಿಸ್ ಇದ್ದ ದಿಬ್ಬ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾವು ಅಲ್ಲಿದ್ದೆವು. ಅಲ್ಲಿಗೆ ಬರುವವರು ಮೊಸಾಯಿಕ್ ನೆಲದಲ್ಲಿ ಮೂಡಿರುವ ಚೆಲುವೆಯ ಮುಖವನ್ನು ನೋಡಲು ಬರುತ್ತಾರೆ, ಅದು ನಿಜಕ್ಕೂ ಅಪೂರ್ವವಾದದ್ದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಕ್ರಿಸ್ತಪೂರ್ವ 4ರಲ್ಲಿ ದೊಡ್ಡ ಹೆರೋದನು ಸತ್ತಾಗ ಈ ಪಟ್ಟಣದಲ್ಲಿ ದಂಗೆ ಎದ್ದಿತು. ಸಿರಿಯದ ರೋಮನ್ ಅಧಿಪತಿ ವಾರಸನ ಸೈನ್ಯ ಇದನ್ನು ಸುಟ್ಟು, ಜನರನ್ನು ಗುಲಾಮರನ್ನಾಗಿ ಮಾಡಿತು. ಆ ದಂಡಯಾತ್ರೆಯ ಕೊನೆಗೆ ದೇಶದಲ್ಲಿ ಸುಮಾರು 2,000 ದಂಗೆಕೋರರನ್ನು ಶಿಲುಬೆಗೆ ಹಾಕಿಸಿದನೆಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ.

ಎಂದರೆ, ಯೇಸು ಬೆಳೆದ ಮನೆಯಿಂದ ಎರಡು ಗಂಟೆಯ ನಡಿಗೆಯಲ್ಲಿ ಸುಟ್ಟುಹೋದ ಒಂದು ಊರಿತ್ತು, ಮತ್ತು ಆತನ ಮಾತು ಕೇಳಲು ಕೂಡಿದ ಗಲಿಲಾಯದ ಜನರಲ್ಲಿ ಶಿಲುಬೆಗಳನ್ನು ಕಂಡ ಮುದುಕರು, ಅವುಗಳ ಕಥೆ ಕೇಳುತ್ತಾ ಬೆಳೆದ ಮಕ್ಕಳು ಇದ್ದರು. ಅಂಥವರ ಮುಂದೆ ನಿಂತು "ತನ್ನ ಶಿಲುಬೆಯನ್ನು ಹೊತ್ತುಕೊಂಡು ನನ್ನ ಹಿಂದೆ ಬರಲಿ" ಎನ್ನುವುದಕ್ಕೂ, ನಾವು ಸೊಂಟನೋವನ್ನೂ ಸಿಡುಕಿನ ನೆರೆಯವರನ್ನೂ "ನನ್ನ ಪಾಲಿನ ಶಿಲುಬೆ" ಎಂದು ಕರೆಯುವುದಕ್ಕೂ ಎಷ್ಟು ಅಂತರ! ಆ ಮಾತನ್ನು ಕೇಳಿದವರಿಗೆ ಅದು ಅಲಂಕಾರವಾಗಿ ಕೇಳಿಸಿರಲು ಸಾಧ್ಯವೇ ಇಲ್ಲ.

ಸಂಜೆ ಕಾನಾ ತಲುಪಿದೆವು. ಯೇಸು ನೀರನ್ನು ದ್ರಾಕ್ಷಾರಸವಾಗಿಸಿದ ಮದುವೆಯ ನೆನಪಿನ ದೇವಾಲಯದಲ್ಲಿ ಐದು ನಿಮಿಷ ಕೂತು, ಬಿಡಾರಕ್ಕೆ ಹೋಗಿ ಮಲಗಿದೆವು.

ಎರಡನೆಯ ದಿನ: ಕಾನಾದಿಂದ ಲಾವಿ

ದಿನವಿಡೀ ಹೊಲ, ಪೈನ್ ತೋಪು, ನಡುವೆ ಹೆದ್ದಾರಿಯ ಸದ್ದು. ಹಳೆಯ ರೋಮನ್ ರಸ್ತೆಯ ಕಲ್ಲುಗಳು ಒಂದೆಡೆ ಹುಲ್ಲಿನೊಳಗೆ ಮಲಗಿದ್ದವು. ನೋಡುವುದು ಕಡಿಮೆ ಇದ್ದ ಈ ದಿನವೇ ಮಾತು ಹೆಚ್ಚಾಯಿತು.

ಅಯ್ಯನವರು ನಡೆಯುತ್ತಲೇ ಕೇಳಿದರು: "ಯೇಸು ಯಾರನ್ನಾದರೂ ಬೇಡಿಕೊಂಡು ಶಿಷ್ಯನನ್ನಾಗಿ ಮಾಡಿಕೊಂಡದ್ದು ನಿನಗೆ ನೆನಪಿದೆಯೇನಪ್ಪಾ?" ನಾನು ಯೋಚಿಸಿದೆ. ನೆನಪಿಗೆ ಬಂದದ್ದೆಲ್ಲ ಅದಕ್ಕೆ ವಿರುದ್ಧವಾದದ್ದೇ. ಲೂಕನ ಒಂಬತ್ತನೆಯ ಅಧ್ಯಾಯದ ಕೊನೆಯಲ್ಲಿ ದಾರಿಯಲ್ಲಿ ಸಿಗುವ ಮೂವರು: ನೀನು ಎಲ್ಲಿಗೆ ಹೋದರೂ ಬರುತ್ತೇನೆ ಎಂದವನಿಗೆ, ನರಿಗಳಿಗೆ ಗುದ್ದುಗಳಿವೆ, ಹಕ್ಕಿಗಳಿಗೆ ಗೂಡುಗಳಿವೆ, ಮನುಷ್ಯಕುಮಾರನಿಗೆ ತಲೆಯಿಡಲೂ ಸ್ಥಳವಿಲ್ಲ ಎಂಬ ಉತ್ತರ. ತಂದೆಯನ್ನು ಹೂಣಿಟ್ಟು ಬರುತ್ತೇನೆ ಎಂದವನಿಗೂ, ಮನೆಯವರಿಗೆ ಹೇಳಿ ಬರುತ್ತೇನೆ ಎಂದವನಿಗೂ ಅದಕ್ಕಿಂತ ಕಟುವಾದ ಉತ್ತರ. ಆ ಮೂವರೂ ಆಮೇಲೆ ಏನು ಮಾಡಿದರೆಂದು ಲೂಕನು ಹೇಳುವುದೇ ಇಲ್ಲ. ಮಾರ್ಕನ ಹತ್ತನೆಯ ಅಧ್ಯಾಯದಲ್ಲಿ ಬರುವ ಐಶ್ವರ್ಯವಂತನನ್ನಂತೂ ಯೇಸು ನೋಡಿ ಪ್ರೀತಿಸಿದನೆಂದೇ ಬರೆದಿದೆ. ಆದರೂ ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಮಾತಿಗೆ ಅವನು ಮೋರೆ ಸಪ್ಪಗೆ ಮಾಡಿಕೊಂಡು ಹೊರಟಾಗ, ಅವನ ಹಿಂದೆ ಓಡಿ "ಅರ್ಧ ಮಾರಿದರೂ ಸಾಕು" ಎಂದು ಆತನು ಹೇಳಲಿಲ್ಲ.

"ಜನ ಗುಂಪುಗುಂಪಾಗಿ ಹಿಂದೆ ಬರುತ್ತಿದ್ದಾಗಲೇ ಆತನು ತಿರುಗಿ ನಿಂತು ಬುರುಜಿನ ಸಾಮ್ಯ ಹೇಳಿದ್ದು" ಎಂದರು ಅಯ್ಯನವರು. "ಕಟ್ಟಲು ಹೊರಟವನು ಮೊದಲು ಕೂತುಕೊಂಡು, ಮುಗಿಸುವಷ್ಟು ಹಣವಿದೆಯೋ ಎಂದು ಲೆಕ್ಕ ಮಾಡುವುದಿಲ್ಲವೇ ಅಂತ. ಕೂತುಕೊಂಡು ಅನ್ನುವ ಮಾತನ್ನು ಗಮನಿಸು. ಆವೇಶದಲ್ಲಿ ನಿಂತುಕೊಂಡು ಹೇಳುವ ಹೂಂ ಆತನಿಗೆ ಬೇಡವಾಗಿತ್ತು."

ಲೆಕ್ಕ ಎಂಬ ಮಾತು ಕಿವಿಗೆ ಬಿದ್ದೊಡನೆ ನನಗೆ ಆ ಹುಡುಗಿಯ ಮುಖ ಎದುರಿಗೆ ಬಂತು. ಆಕೆ ಕೇಳಿದ್ದು ಇದೇ ಲೆಕ್ಕವನ್ನು. ವೆಚ್ಚ ಎಷ್ಟು ಎಂದು ಕೂತು ಕೇಳುವುದನ್ನು ಗುರುವೇ ಕಲಿಸಿದ್ದ. ಆಕೆ ಕಲಿತಂತೆ ಕೇಳಿದ್ದಳು. ಮೊತ್ತವನ್ನು ಮುಚ್ಚಿಟ್ಟವನು ನಾನು. ಯಾಕೆ ಮುಚ್ಚಿಟ್ಟೆ? ತರಗತಿಗೆ ಬರುವವರ ಸಂಖ್ಯೆ ಕಡಿಮೆಯಾಗಬಾರದೆಂದು. ಕಷ್ಟದ ಮಾತು ಹೇಳಿದರೆ ಮುಂದಿನ ವಾರ ಬೆಂಚು ಖಾಲಿಯಾಗುತ್ತದೆ ಎಂಬ ಭಯ, ಸಭೆಯಲ್ಲಿ ಕಲಿಸುವ ಬಹಳ ಮಂದಿಯನ್ನು ಒಳಗೊಳಗೇ ಆಳುತ್ತದೆಂದು ನಾನು ಬಲ್ಲೆ. ಲಾವಿಯ ಬಳಿ ಕತ್ತಲಾಗುತ್ತಿದ್ದಾಗ, ಇಡೀ ವಿಷಯವನ್ನು ಅಯ್ಯನವರಿಗೆ ಹೇಳಿದೆ. ಜ್ವರದ ಸುಳ್ಳನ್ನೂ ಹೇಳಿದೆ. ಅವರು ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡರು. ಆ ರಾತ್ರಿ ಪ್ರಾರ್ಥನೆಯಲ್ಲಿ ನನ್ನ ಹೆಸರಿಗಿಂತ ಮೊದಲು ಆಕೆಯ ಹೆಸರನ್ನು ಹೇಳಿದರು.

ಮೂರನೆಯ ದಿನ: ಹಟ್ಟೀನಿನ ಕೊಂಬುಗಳು

ಲಾವಿಯಿಂದ ಈಶಾನ್ಯಕ್ಕೆ, ಆರಿಹೋದ ಜ್ವಾಲಾಮುಖಿಯೊಂದರ ಎರಡು ತುದಿಗಳು ಎತ್ತಿನ ಕೊಂಬುಗಳಂತೆ ನಿಂತಿವೆ. ಮಾರ್ಚಿನಲ್ಲಿ ಈ ಗುಡ್ಡ ಹಸಿರು. ಕಾಡು ಸಾಸಿವೆಯ ಹಳದಿ, ಅನಿಮೋನ್ ಹೂವಿನ ಕೆಂಪು. ಬೇಸಿಗೆಯಲ್ಲಿ ಬಂದವರಿಗೆ ಇದು ಒಣಹುಲ್ಲು ಮತ್ತು ಕಪ್ಪು ಕಲ್ಲು ಮಾತ್ರ.

1187ರ ಜುಲೈ 3ರಂದು, ಪುಣ್ಯಭೂಮಿಗಾಗಿ ಧರ್ಮಯುದ್ಧಕ್ಕಿಳಿದಿದ್ದ ಕ್ರೈಸ್ತರ, ಅಂದರೆ ಕ್ರುಸೇಡ್ ಯೋಧರ ಸೈನ್ಯ ಸೆಪ್ಫೋರಿಸ್ಸಿನ ಬುಗ್ಗೆಗಳನ್ನು ಬಿಟ್ಟು, ಹೆಚ್ಚುಕಡಿಮೆ ನಾವು ನಡೆದುಬಂದ ದಿಕ್ಕಿನಲ್ಲೇ ಪೂರ್ವಕ್ಕೆ ಹೊರಟಿತು. ಮುಸ್ಲಿಂ ಸುಲ್ತಾನ ಸಲಾದೀನನು ಸರೋವರದ ದಡದ ತಿಬೇರಿಯಕ್ಕೆ ಮುತ್ತಿಗೆ ಹಾಕಿದ್ದ. ಆ ಕೋಟೆಯೊಳಗೆ ಕ್ರುಸೇಡ್ ಸೈನ್ಯದ ನಾಯಕರಲ್ಲಿ ಒಬ್ಬನಾದ ಟ್ರಿಪೋಲಿಯ ರೇಮಂಡನ ಹೆಂಡತಿಯೇ ಸಿಕ್ಕಿಬಿದ್ದಿದ್ದರೂ, ನೀರಿಲ್ಲದ ಈ ಬಯಲಿಗೆ ಸೈನ್ಯವನ್ನು ನಡೆಸಬೇಡಿರೆಂದು ರೇಮಂಡನು ಅರಸನಾದ ಗೀ ದ ಲೂಸಿನ್ಯಾನನಿಗೆ ಹೇಳಿದ್ದ, ಅರಸ ಕೇಳಲಿಲ್ಲ. ಜುಲೈ 4ರಂದು, ಬಾಯಾರಿ ಬಸವಳಿದ ಸೈನ್ಯ, ಕೆಳಗೆ ಸರೋವರದ ನೀರು ಹೊಳೆಯುತ್ತಿರುವಾಗಲೇ ಈ ಕೊಂಬುಗಳ ಮೇಲೆ ನಾಶವಾಯಿತು. ಆ ಸೈನ್ಯದ ಮುಂದೆ, ಯೇಸುವಿನ ನಿಜವಾದ ಶಿಲುಬೆಯ ತುಂಡೆಂದು ಅವರು ನಂಬಿದ್ದ ಮರವನ್ನು ಅಕ್ರದ ಬಿಷಪ್ಪನು ಹೊತ್ತು ಸಾಗಿದ್ದ. ಬಿಷಪ್ಪನು ಸತ್ತ, ಮರ ಸಲಾದೀನನ ಕೈಸೇರಿತು.

ನಾನು ತೆಂಕಣ ಕೊಂಬಿನ ಮೇಲೆ ಬಹಳ ಹೊತ್ತು ಕೂತೆ. ಗಾಳಿ ಜೋರಾಗಿ ಬೀಸುತ್ತಿತ್ತು. ಅಂದು ಆಕಾಶ ಶುಭ್ರವಾಗಿದ್ದುದರಿಂದ ಉತ್ತರದಲ್ಲಿ 2,814 ಮೀಟರ್ ಎತ್ತರದ ಹೆರ್ಮೋನ್ ಪರ್ವತ ನೆತ್ತಿಯ ಹಿಮದೊಂದಿಗೆ ಕಾಣುತ್ತಿತ್ತು. ಅದರ ಬುಡದಲ್ಲೇ ಫಿಲಿಪ್ಪನ ಕೈಸರೈಯ ಇದ್ದದ್ದು. ಆ ಸೀಮೆಯಲ್ಲಿಯೇ ಶಿಷ್ಯನಾದ ಪೇತ್ರನು ಯೇಸುವಿಗೆ "ನೀನು ಕ್ರಿಸ್ತನು" ಎಂದದ್ದು, ಮರುಗಳಿಗೆಯಲ್ಲೇ ಕ್ರಿಸ್ತನಿಗೆ ಶ್ರಮೆ ಬರಕೂಡದೆಂದು ಆತನನ್ನೇ ಗದರಿಸಿದ್ದು, ಸೈತಾನನೆಂದು ಕರೆಸಿಕೊಂಡದ್ದು, ಆಮೇಲೆ ಯೇಸು ಜನರನ್ನೂ ಹತ್ತಿರಕ್ಕೆ ಕರೆದು ಶಿಲುಬೆಯ ಮಾತು ಹೇಳಿದ್ದು. ಒಂದೇ ನೋಟದಲ್ಲಿ ಎರಡು ಸ್ಥಳಗಳು: ಶಿಲುಬೆಯನ್ನು ಹೊರಲು ಹೇಳಿದ ಸ್ಥಳ ಅಲ್ಲಿ, ಶಿಲುಬೆಯನ್ನು ಧ್ವಜವಾಗಿ ಎತ್ತಿ ಕೊಲ್ಲಲು ಹೊರಟವರು ಬಿದ್ದ ಸ್ಥಳ ಇಲ್ಲಿ.

ಕ್ರುಸೇಡ್ ಯೋಧರು ಸುಲಭದ ದಾರಿ ಹಿಡಿದಿರಲಿಲ್ಲ ಎಂಬುದನ್ನು ಮರೆಯಬಾರದು. ಜುಲೈ ತಿಂಗಳ ಬಿಸಿಲಿನಲ್ಲಿ ಕಬ್ಬಿಣದ ಅಂಗಿ ತೊಟ್ಟು ನೀರಿಲ್ಲದೆ ನಡೆದ ಆ ದಾರಿ ನಮ್ಮ ಈ ನಡಿಗೆಗಿಂತ ಸಾವಿರ ಪಾಲು ಕಠಿಣವಾದದ್ದು. ಕಷ್ಟಪಟ್ಟರು, ಸತ್ತರು, ಶಿಲುಬೆಯ ಹೆಸರಿನಲ್ಲೇ ಸತ್ತರು. ಆದರೂ ಅದು ಆತನ ದಾರಿಯಾಗಿರಲಿಲ್ಲ ಎಂದು ನಾನು ಅಳುಕಿಲ್ಲದೆ ಹೇಳುತ್ತೇನೆ, ಏಕೆಂದರೆ ಹೊರಬೇಕಾದ ಶಿಲುಬೆಯ ಮೇಲೆ ಸಾಯಬೇಕಾದವನು ಹೊತ್ತವನೇ ಹೊರತು ಎದುರಿನವನಲ್ಲ.

ಇಳಿಯುವಾಗ ದಾರಿ ದ್ರೂಜ್ ಜನರ ನೆಬಿ ಶುಐಬ್ ಪುಣ್ಯಸ್ಥಳದ ಪಕ್ಕದಲ್ಲಿ ಹಾದು ಅರ್ಬೆಲಿನ ಕಡೆಗೆ ತಿರುಗುತ್ತದೆ. ಅಯ್ಯನವರ ಮಂಡಿ ಊದಿಕೊಂಡಿತ್ತು.

ನಾಲ್ಕನೆಯ ದಿನ: ಅರ್ಬೆಲ್, ಗಿನೋಸಾರ್, ತಾಬ್ಗಾ

ಅರ್ಬೆಲಿನ ಬಂಡೆಗೋಡೆಯ ಅಂಚಿನಲ್ಲಿ ಬೆಳಿಗ್ಗೆ ಏಳಕ್ಕೆ ನಿಂತಾಗ ಗಲಿಲಾಯ ಸಮುದ್ರವೆಲ್ಲ ಕಣ್ಣಳತೆಗೆ ಬಂತು. ಸಮುದ್ರವೆಂದು ಹೆಸರಾದರೂ ಅದು ಸಿಹಿನೀರಿನ ಸರೋವರ, ಸಾಗರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗಿದೆ. ಇಲ್ಲಿಂದ ಕಾಲುದಾರಿ ಕಡಿದಾದ ಬಂಡೆಯ ಮೈಮೇಲೆಯೇ ಇಳಿಯುತ್ತದೆ. ಕೆಲವು ಕಡೆ ಬಂಡೆಗೆ ಬಡಿದ ಕಬ್ಬಿಣದ ಹಿಡಿಕೆಗಳನ್ನು ಹಿಡಿದು, ಮುಖ ಬಂಡೆಯ ಕಡೆಗೆ ಮಾಡಿ, ಕೆಳಗಿನ ಮೆಟ್ಟನ್ನು ಪಾದದಿಂದಲೇ ಹುಡುಕಬೇಕು.

ಅಯ್ಯನವರು ನೋಡಿ, "ನಾನು ವಾಹನದಲ್ಲಿ ಸುತ್ತಿಕೊಂಡು ಬರುತ್ತೇನೆ" ಎಂದರು. ಮೂರು ದಿನ ಅವರನ್ನು ನೋಡುತ್ತಾ ನನ್ನೊಳಗೆ ಬೆಳೆದಿದ್ದ ಭಕ್ತಿಗೆ ಅದು ಸ್ವಲ್ಪ ನಿರಾಶೆ ತಂದಿತು. ನೋವನ್ನು ನುಂಗಿಕೊಂಡು ಇಳಿಯುತ್ತಾರೆಂದು ನಾನು ಎಣಿಸಿದ್ದೆ. ಅವರು ಅದನ್ನು ನನ್ನ ಮುಖದಲ್ಲೇ ಓದಿದರು. "ಇದನ್ನು ಇಳಿ ಎಂದು ಆತನು ನನಗೆ ಹೇಳಿಲ್ಲಪ್ಪಾ. ಹೇಳದ ಕಡೆ ಮಂಡಿ ಮುರಿದುಕೊಂಡು, ಹೇಳಿದ ಕಡೆ ಜ್ವರ ಬಂತೆನ್ನುವುದು ಬೇಡ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ನನ್ನ ಭುಜ ತಟ್ಟಿಯೇ ಹೇಳಿದರು. ಆದರೂ ಕೆಳಗೆ ಇಳಿದು ಮುಗಿಯುವ ತನಕ, ಪ್ರತಿ ಹಿಡಿಕೆಯ ತಣ್ಣನೆಯ ಕಬ್ಬಿಣವನ್ನು ಮುಟ್ಟಿದಾಗಲೂ ಆ ಮಾತು ನನ್ನ ಕಿವಿಯಲ್ಲಿತ್ತು.

ಕೆಳಗೆ ಮಗ್ದಲ. ಅಲ್ಲಿ ಒಂದನೆಯ ಶತಮಾನದ ಸಭಾಮಂದಿರ 2009ರಲ್ಲಿ ಸಿಕ್ಕಿತು. ಅದನ್ನು ನೋಡಿಕೊಂಡು ಗಿನೋಸಾರಿಗೆ ನಡೆದೆ. ಅಯ್ಯನವರು ಅಲ್ಲಿನ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಕಾಯುತ್ತಿದ್ದರು. ಒಳಗೆ, ಕಬ್ಬಿಣದ ತೊಟ್ಟಿಲಿನ ಮೇಲೆ, ಎರಡು ಸಾವಿರ ವರ್ಷಗಳಷ್ಟು ಹಳೆಯ ಮೀನುಗಾರರ ದೋಣಿಯೊಂದಿದೆ. 1986ರ ಬರಗಾಲದಲ್ಲಿ ಸರೋವರ ಹಿಂದೆ ಸರಿದಾಗ ಇಬ್ಬರು ಅಣ್ಣತಮ್ಮಂದಿರು ಅದನ್ನು ಕೆಸರಿನಲ್ಲಿ ಕಂಡರು. ಉದ್ದ ಸುಮಾರು 8 ಮೀಟರ್, ಅಗಲ ಸುಮಾರು 2.3 ಮೀಟರ್. ಇದು ಪೇತ್ರನದೆಂದು ಯಾರೂ ಹೇಳಲಾರರು, ಹೇಳುವ ಅಗತ್ಯವೂ ಇಲ್ಲ. ಹತ್ತಿರ ಬಾಗಿ ನೋಡಿದರೆ ಹಲಗೆಗಳ ನಡುವೆ ತೇಪೆಗಳು ಕಾಣುತ್ತವೆ. ದೇವದಾರು, ಓಕ್, ಇನ್ನೂ ಎಷ್ಟೋ ಜಾತಿಯ ಮರಗಳ ಚೂರುಗಳು. ಎಣಿಸಿದವರು ಹತ್ತಕ್ಕೂ ಹೆಚ್ಚು ಬಗೆಯ ಮರಗಳನ್ನು ಗುರುತಿಸಿದ್ದಾರೆ. ಹೊಸ ದೋಣಿ ಮಾಡಿಸುವ ಶಕ್ತಿಯಿಲ್ಲದವನು, ಕೈಗೆ ಸಿಕ್ಕಿದ ಮರದಲ್ಲಿ ಒಂದೊಂದೇ ಹಲಗೆ ಬದಲಿಸುತ್ತಾ, ಸಂಸಾರವನ್ನು ನೀರಿನ ಮೇಲೆ ತೇಲಿಸಿಕೊಂಡು ಬಂದ ಗುರುತು ಅದು.

"ಕೂಡಲೆ ತಮ್ಮ ಬಲೆಗಳನ್ನು ಬಿಟ್ಟು" ಎಂದು ನಾನು ತರಗತಿಯಲ್ಲಿ ಎಷ್ಟು ಸಲ ಸಲೀಸಾಗಿ ಓದಿದ್ದೇನೆ! ಬಿಟ್ಟದ್ದು ಇಂಥ ದೋಣಿಯನ್ನು. ಅಷ್ಟೇ ಅಲ್ಲ, ಯಾಕೋಬ ಯೋಹಾನರು ತಂದೆಯಾದ ಜೆಬೆದಾಯನನ್ನು ಕೂಲಿಯಾಳುಗಳ ಸಂಗಡ ದೋಣಿಯಲ್ಲೇ ಬಿಟ್ಟು ಹೋದರೆಂದು ಮಾರ್ಕನು ಬರೆಯುತ್ತಾನೆ. ಹಿಂಬಾಲಿಸಿದವರ ಬೆಲೆಯನ್ನು ಹಿಂಬಾಲಿಸದೆ ಉಳಿದವರೂ ತೆರಬೇಕಾಗುತ್ತದೆ ಎಂಬುದು ಆ ಸಾಲಿನಲ್ಲಿದೆ. ಆ ಹುಡುಗಿಯ ತಾಯಿಯ ಔಷಧಿಯ ಖರ್ಚು ಆಕೆಯ ಸಂಬಳದಿಂದಲೇ ನಡೆಯುತ್ತಿತ್ತೆಂದು ನನಗೆ ಗೊತ್ತಿತ್ತು. ಜೆಬೆದಾಯನ ಮುಂದೆ ನಿಂತಂತೆ ನಾನು ಆ ಖಾಲಿ ದೋಣಿಯ ಮುಂದೆ ನಿಂತಿದ್ದೆ.

ಸಂಜೆ ತಾಬ್ಗಾದಲ್ಲಿ, ನೀರಿನ ಅಂಚಿಗೇ ಇರುವ ಕಪ್ಪು ಕಲ್ಲಿನ ಪುಟ್ಟ ದೇವಾಲಯಕ್ಕೆ ಹೋದೆವು. ಯೋಹಾನನ ಕೊನೆಯ ಅಧ್ಯಾಯದ ಘಟನೆಯನ್ನು ಸಂಪ್ರದಾಯ ಇಲ್ಲಿಗೆ ಸೇರಿಸುತ್ತದೆ: ತನ್ನನ್ನು ಮೂರು ಸಲ ಅರಿಯೆನೆಂದ ಪೇತ್ರನನ್ನು ಯೇಸು ಮೂರು ಸಲ "ನನ್ನನ್ನು ಪ್ರೀತಿಸುತ್ತೀಯೋ" ಎಂದು ಕೇಳಿ, ಮುದುಕನಾದ ಮೇಲೆ ನಿನಗೆ ಇಷ್ಟವಿಲ್ಲದ ಕಡೆಗೆ ನಿನ್ನನ್ನು ಒಯ್ಯುವರೆಂದು ಹೇಳಿ, ಆಮೇಲೆ "ನನ್ನನ್ನು ಹಿಂಬಾಲಿಸು" ಎಂದದ್ದು. ಮೊದಲ ಕರೆಯೂ ಈ ಸರೋವರದ ದಡದಲ್ಲೇ, ಕೊನೆಯ ಕರೆಯೂ ಇಲ್ಲೇ. ಹೆದರಿ ಸುಳ್ಳು ಹೇಳಿದವನಿಗೆ ಎರಡನೆಯ ಕರೆ ಸಿಕ್ಕಿತು, ಆದರೆ ಆ ಕರೆಯಲ್ಲಿಯೂ ಬೆಲೆ ಕಡಿಮೆಯಾಗಲಿಲ್ಲ. ಅಯ್ಯನವರು ಚಪ್ಪಲಿ ಕಳಚಿ, ಊದಿದ ಕಾಲನ್ನು ನೀರಿನಲ್ಲಿಟ್ಟುಕೊಂಡು ಕೂತರು. ನಾವು ಮಾತನಾಡಲಿಲ್ಲ.

ಐದನೆಯ ದಿನ: ಕಪೆರ್ನೌಮು

ಬೆಳಿಗ್ಗೆ ಅಷ್ಟಭಾಗ್ಯಗಳ ಗುಡ್ಡಕ್ಕೆ ಹತ್ತಿದೆವು. ಬಾರ್ಲೂಝಿ ಎಂಬ ಇಟಲಿಯ ವಾಸ್ತುಶಿಲ್ಪಿ 1930ರ ದಶಕದಲ್ಲಿ ಕಟ್ಟಿದ ಎಂಟು ಮೂಲೆಯ ದೇವಾಲಯ, ಸುತ್ತ ಅಚ್ಚುಕಟ್ಟಾದ ತೋಟ, ಬಸ್ಸುಗಳಲ್ಲಿ ಬಂದಿಳಿದ ನೂರಾರು ಜನ. ಅಲ್ಲಿ ಎಲ್ಲರೂ ಓದುವುದು ಮತ್ತಾಯನ ಐದನೆಯ ಅಧ್ಯಾಯದ ಆರಂಭವನ್ನು. ಅದೇ ಪರ್ವತಪ್ರಸಂಗದ ಕೊನೆಗೆ, ಏಳನೆಯ ಅಧ್ಯಾಯದಲ್ಲಿ, "ನಿತ್ಯಜೀವಕ್ಕೆ ಹೋಗುವ ಬಾಗಿಲು ಇಕ್ಕಟ್ಟು, ದಾರಿ ಬಿಕ್ಕಟ್ಟು" ಎಂಬ ಮಾತೂ ಇದೆ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡುವಾಗ ಇಕ್ಕಟ್ಟು, ಬಿಕ್ಕಟ್ಟು ಎಂಬ ಪ್ರಾಸವೇ ನಮಗೆ ಖುಷಿ ಕೊಡುತ್ತಿತ್ತು. ಪ್ರಾಸದ ಸುಖದಲ್ಲಿ ಅರ್ಥ ಜಾರಿಹೋಗುತ್ತಿತ್ತು.

ಅಲ್ಲಿಂದ ಕಪೆರ್ನೌಮು ಮೂರು ಕಿಲೋಮೀಟರ್ ಇಳಿಜಾರು. ಊರೆಲ್ಲ ಕಪ್ಪು ಬಸಾಲ್ಟ್ ಕಲ್ಲಿನ ಮೋಟುಗೋಡೆಗಳು. ಪೇತ್ರನ ಮನೆಯೆಂದು ಬಹಳ ಹಿಂದಿನಿಂದಲೂ ಗೌರವಿಸಿಕೊಂಡು ಬಂದ ಮನೆಯ ಮೇಲೆ ಐದನೆಯ ಶತಮಾನದಲ್ಲಿ ಎಂಟು ಮೂಲೆಯ ದೇವಾಲಯ ಕಟ್ಟಿದ್ದರು. ಈಗ ಅದರ ಮೇಲೆ, ಕಂಬಗಳ ಮೇಲೆ ನಿಂತ ಹೊಸ ದೇವಾಲಯವಿದೆ, ನಡುವಿನ ಗಾಜಿನಲ್ಲಿ ಬಗ್ಗಿ ನೋಡಿದರೆ ಕೆಳಗಿನ ಮನೆ ಕಾಣುತ್ತದೆ. ಅದರ ಹತ್ತಿರದಲ್ಲೇ ಬಿಳಿ ಸುಣ್ಣಕಲ್ಲಿನ ಸಭಾಮಂದಿರ. ಅದು ಯೇಸುವಿನ ಕಾಲದ್ದಲ್ಲ, ಕೆಲವು ಶತಮಾನ ಈಚಿನದು. ಆದರೆ ಅದರ ಹೊರಗೋಡೆಯ ಬುಡದಲ್ಲಿ ಕೂತು ನೋಡಿದರೆ, ಬಿಳಿ ಕಲ್ಲಿನ ಕೆಳಗೆ ಕಪ್ಪು ಬಸಾಲ್ಟಿನ ಅಡಿಪಾಯ ಸ್ಪಷ್ಟವಾಗಿ ಕಾಣುತ್ತದೆ. ಅದು ಮೊದಲಿದ್ದ ಸಭಾಮಂದಿರದ್ದೆಂಬುದು ಅಗೆದು ನೋಡಿದವರ ಅಭಿಪ್ರಾಯ.

ನಾವು ಆ ಕಪ್ಪು ಕಲ್ಲಿಗೆ ಒರಗಿ ಕೂತು ಯೋಹಾನನ ಆರನೆಯ ಅಧ್ಯಾಯವನ್ನು ಪೂರ್ತಿ ಓದಿದೆವು. ಜೀವದ ರೊಟ್ಟಿಯ ಆ ದೀರ್ಘ ಉಪದೇಶವನ್ನು ಯೇಸು ಕಪೆರ್ನೌಮಿನ ಸಭಾಮಂದಿರದಲ್ಲಿ ಮಾಡಿದನೆಂದು 59ನೆಯ ವಚನ ಹೇಳುತ್ತದೆ. ಅದನ್ನು ಕೇಳಿ "ಇದು ಕಠಿಣವಾದ ಮಾತು" ಎಂದವರು ಹೊರಗಿನವರಲ್ಲ, ಶಿಷ್ಯರು. 66ನೆಯ ವಚನದಲ್ಲಿ ಅವರಲ್ಲಿ ಅನೇಕರು ಹಿಂಜರಿದು ಹೊರಟುಹೋಗುತ್ತಾರೆ. ಐದು ಸಾವಿರ ಜನರಿಗೆ ಊಟ ಹಾಕಿದ ಅಧ್ಯಾಯ ಮುಗಿಯುವಾಗ ಉಳಿಯುವವರು ಹನ್ನೆರಡು ಮಂದಿ. ಆ ಹನ್ನೆರಡು ಮಂದಿಯನ್ನೂ ಯೇಸು ಬಿಗಿಹಿಡಿದುಕೊಳ್ಳುವುದಿಲ್ಲ, "ನೀವು ಸಹ ಹೋಗಬೇಕೆಂದಿದ್ದೀರಾ?" ಎಂದು ಕೇಳುತ್ತಾನೆ. ಪೇತ್ರನ ಉತ್ತರದಲ್ಲಿಯೂ ದಾರಿ ಸುಲಭವೆಂಬ ಮಾತಿಲ್ಲ, ಮಾತು ಅರ್ಥವಾಯಿತೆಂಬ ಹೇಳಿಕೆಯೂ ಇಲ್ಲ. ನಿನ್ನನ್ನು ಬಿಟ್ಟು ಯಾರ ಬಳಿಗೆ ಹೋಗೋಣ, ನಿತ್ಯಜೀವದ ವಾಕ್ಯಗಳು ನಿನ್ನಲ್ಲಿ ಉಂಟು, ಅಷ್ಟೇ.

ಹದಿನಾಲ್ಕು ವರ್ಷ ನಾನು ಕಾಪಾಡಲು ಹೆಣಗಿದ್ದು ಯಾವುದನ್ನು ಆತನು ಕಳೆದುಕೊಳ್ಳಲು ಸಿದ್ಧನಿದ್ದನೋ ಅದನ್ನೇ: ಜನಸಂಖ್ಯೆಯನ್ನು.

ಫೋನು ತೆಗೆದು, ಅಯ್ಯನವರ ಪಕ್ಕದಲ್ಲೇ ಕೂತು ಬರೆದೆ. ಬರೆದು ಅಳಿಸಿ, ಮತ್ತೆ ಬರೆದು, ಕೊನೆಗೆ ಕಳುಹಿಸಿದ್ದು ಇದು: "ತಂಗೀ, ನೀನು ಏನನ್ನೂ ಕಳೆದುಕೊಳ್ಳುವುದಿಲ್ಲ ಎಂದು ನಾನು ಹೇಳಿದ್ದು ತಪ್ಪು. ನೀನು ಕೆಲಸ ಕಳೆದುಕೊಂಡೆ, ಅಮ್ಮನ ಔಷಧಿಯ ಹಣ ಕಳೆದುಕೊಂಡೆ, ಜೊತೆಗಿರುತ್ತೇನೆಂದು ನಂಬಿದ್ದ ನನ್ನನ್ನೂ ಕಳೆದುಕೊಂಡೆ. ಅವತ್ತು ನನಗೆ ಜ್ವರ ಇರಲಿಲ್ಲ. ಎರಡೂ ಬಿಲ್ಲುಗಳನ್ನು ನಾನು ನೋಡಿದ್ದೇನೆ. ನೀನು ಒಪ್ಪಿದರೆ ಮುಂದಿನ ವಿಚಾರಣೆಗೆ ಬಂದು ಹಾಗೆಂದು ಹೇಳುತ್ತೇನೆ."

ಇದರಿಂದ ಏನಾಗುತ್ತದೆಂದು ಕೂತುಕೊಂಡೇ ಲೆಕ್ಕ ಹಾಕಿದೆ. ತರಗತಿ ನನ್ನ ಕೈಬಿಟ್ಟುಹೋಗುತ್ತದೆ. ಆ ಹಿರಿಯರ ಮನೆಯವರೂ ನಮ್ಮ ಮನೆಯವರೂ ಒಂದೇ ಸಾಲಿನಲ್ಲಿ ಕೂತು ಆರಾಧಿಸುವವರು. ನನ್ನ ಹೆಂಡತಿಗೂ ಇದರ ಬಿಸಿ ತಟ್ಟುತ್ತದೆ. ಹಿಂದಿನ ರಾತ್ರಿ ಫೋನಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ಒಬ್ಬಳೇ ನಿಲ್ಲುವುದು ಬೇಡ" ಎಂದಿದ್ದಳು.

ಮಧ್ಯಾಹ್ನದ ಬಸ್ಸಿಗೆ ಕಾಯುತ್ತಾ ಬಾಗಿಲ ಬಳಿ ನಿಂತಿದ್ದಾಗ ಉತ್ತರ ಬಂತು. ಕ್ಷಮಿಸಿದ್ದೇನೆಂದೂ ಇರಲಿಲ್ಲ, ಇಲ್ಲವೆಂದೂ ಇರಲಿಲ್ಲ.

"28ನೇ ತಾರೀಕು, ಗುರುವಾರ, ಬೆಳಿಗ್ಗೆ 10 ಗಂಟೆಗೆ. ಬಿಲ್ಲಿನ ಪ್ರತಿಗಳು ನನ್ನ ಹತ್ತಿರ ಇವೆ. ಬನ್ನಿ ಅಣ್ಣಾ."

ಅಯ್ಯನವರಿಗೆ ತೋರಿಸಿದೆ. ಅವರು ಕನ್ನಡಕ ಮೇಲಕ್ಕೆ ಸರಿಸಿ ಎರಡು ಸಲ ಓದಿ, ಫೋನನ್ನು ಹಿಂದಕ್ಕೆ ಕೊಟ್ಟು, "ನಾನೂ ಬರುತ್ತೇನೆ" ಎಂದರು.